ಅಂಗಡಿಯ ಡಬ್ಬಿ, ಮನೆಯ ಡಬ್ಬಿ

ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಮಗೆ ಮನೆ ಇರುತ್ತಿರಲಿಲ್ಲ. ಅಷ್ಟು ಹೊತ್ತು ಅದು ಅಂಗಡಿ. ಆ ಹೆಸರು ಅವ್ವನದು. ಪರರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೆಲಸಕ್ಕೆ ಅವಳ ಧಾರವಾಡದ ಕನ್ನಡದಲ್ಲಿ ಬೇರೆ ಹೆಸರು ಇರಲಿಲ್ಲ. ಕಲ್ಕತ್ತೆಯವರು ಹೇಳುತ್ತಿದ್ದ ಇಂಗ್ಲಿಷ್ ಹೆಸರು ಅವಳಿಗೆ ಸೇರುತ್ತಿರಲಿಲ್ಲ. ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ ನಮಗಿದ್ದದ್ದು ಎರಡು ಕೋಣೆ. ನಡುವೆ ಬಾಗಿಲಿಲ್ಲದ ಕಮಾನು, ಕಮಾನಿಗೆ ಒಂದು ಹಸಿರು ಪರದೆ. ಬೀದಿಯ ಕಡೆಯ ಕೋಣೆ ಮತ್ತು ವರಾಂಡ ಅಂಗಡಿ. ಹಿಂದಿನ ಕೋಣೆ ಮನೆ. ಅಡುಗೆಮನೆ ಮಾತ್ರ ಎರಡಕ್ಕೂ ಸೇರಿದ್ದು, ಅಲ್ಲೇ ತೊಡಕೆಲ್ಲ. ಅಲ್ಲಿ ಎರಡು ಅಕ್ಕಿಯ ಡಬ್ಬಿ, ಎರಡು ಬೇಳೆಯ ಡಬ್ಬಿ, ಎರಡು ಸಕ್ಕರೆಯ ಡಬ್ಬಿ, ಬಚ್ಚಲಲ್ಲಿ ಎರಡು ಸಾಬೂನು. ಅಂಗಡಿಯ ಬಿಸ್ಕತ್ತಿನ ಡಬ್ಬಿಯಲ್ಲಿ ಕ್ರೀಮ್ ಬಿಸ್ಕತ್ತು, ಮನೆಯದರಲ್ಲಿ ತೆಳ್ಳನೆಯ ಆರಾರೂಟು ಬಿಸ್ಕತ್ತು. ಐದು ಗಂಟೆ ಐವತ್ತು ನಿಮಿಷಕ್ಕೆ ಹಸಿವಾದರೆ ಕ್ರೀಮು, ಆರು ಗಂಟೆ ಐದು ನಿಮಿಷಕ್ಕೆ ಆದರೆ ಆರಾರೂಟು. ನನ್ನ ಹಸಿವು ಗಡಿಯಾರ ನೋಡುವುದನ್ನು ಕಲಿತದ್ದು ಹೀಗೆ ಎಂದು ಬರೆಯಲು ಕೈ ಹೋಗುತ್ತಿದೆ. ಇಂಥ ವಾಕ್ಯಗಳನ್ನು ನಾನು ನಂಬುವುದಿಲ್ಲ. ಹಸಿವು ಏನನ್ನೂ ಕಲಿಯುವುದಿಲ್ಲ.

ಈ ಅಧ್ಯಾಯದಲ್ಲಿ ವಾಸನೆಗಳು ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬಾಲ್ಯ ಬರೆಯುವವರೆಲ್ಲ ವಾಸನೆಯನ್ನು ಸಾಕ್ಷಿಗೆ ಕರೆಯುತ್ತಾರೆ, ಅದನ್ನು ಪಾಟೀಸವಾಲು ಮಾಡಲು ಯಾರಿಗೂ ಆಗುವುದಿಲ್ಲವಲ್ಲ ಅದಕ್ಕೆ. ನನ್ನ ಬಳಿ ಬೇರೆ ಸಾಕ್ಷಿ ಇದೆ: ಅವ್ವನ ಪುಸ್ತಕಗಳು. ಬಂಗಾಳಿ ಹೊಸವರ್ಷಕ್ಕೆ ಮುಂಚೆ ಅಂಗಡಿಕಾರರು ಕೊಳ್ಳುವ, ಕೆಂಪು ಬಟ್ಟೆಯ ರಟ್ಟಿನ, ದಾರ ಸುತ್ತಿ ಕಟ್ಟುವ ಉದ್ದನೆಯ ಖಾತೆಗಳು. ವರ್ಷಕ್ಕೆ ಎರಡು. ಒಂದರಲ್ಲಿ ಖರ್ಚು, ಕನ್ನಡದಲ್ಲಿ. ಇನ್ನೊಂದು ದಿನದ ಪುಸ್ತಕ, ಮಕ್ಕಳ ತಂದೆತಾಯಿ ಓದಲೆಂದು ಅವಳ ಗುಂಡಗಿನ ಇಂಗ್ಲಿಷಿನಲ್ಲಿ: ಯಾರು ಎಷ್ಟು ಗಂಟೆಗೆ ಬಂದರು, ಏನು ಎಷ್ಟು ತಿಂದರು, ಎಷ್ಟು ಹೊತ್ತು ಮಲಗಿದರು, ಯಾರಿಗೆ ಮೂಗು ಸೋರಿತು. ಆರು ಪುಸ್ತಕ ಈಗ ನನ್ನ ಮೇಜಿನ ಮೇಲಿವೆ. ನನ್ನ ನೆನಪಿಗಿಂತ ಅವು ಚೆನ್ನಾಗಿವೆ.

ಲೆಕ್ಕ ಇಡುವುದನ್ನು ಅವಳಿಗೆ ಕಲಿಸಿದವನು ಅಪ್ಪ. ಅವನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಇತರ ಕಚೇರಿಗಳ ಬಿಲ್ಲು ತಪಾಸಿಸುವ ನೌಕರ. ಹಸಿರು ಶಾಯಿಯಲ್ಲಿ ಆಕ್ಷೇಪಣೆ ಬರೆದು ಬದುಕುವ ಮನುಷ್ಯ. ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಎದ್ದು, ನಮ್ಮ ಗಲ್ಲಿಯ ಹೆಣ್ಣುಮಕ್ಕಳೂ ಕೊರಳಿಗೆ ಕಾರ್ಡು ಹಾಕಿಕೊಂಡು ಕಂಪನಿಯ ಗಾಡಿ ಹತ್ತಲು ಶುರುಮಾಡಿದಾಗ, ಕೆಳಗಿನ ಮನೆಯ ಸೊಸೆ ತನ್ನ ಮಗ ಬುಬಾಯಿಯನ್ನು ಒಂದು ವಾರದ ಮಟ್ಟಿಗೆ ಅವ್ವನ ಬಳಿ ಬಿಟ್ಟಳು. ವಾರ ಮುಗಿಯಲಿಲ್ಲ. ಇನ್ನೂ ಮೂವರು ಬಂದರು. ಆಗ ಅಪ್ಪ, ಮಾಡುವುದಾದರೆ ಸರಿಯಾಗಿ ಮಾಡು ಎಂದು ಮೊದಲ ಕೆಂಪು ಪುಸ್ತಕ ತಂದುಕೊಟ್ಟು ಒಂದು ಮಾತು ಹೇಳಿದ. ಆ ಮಾತು ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದುದರಿಂದ ಇದನ್ನು ನಾನು ಕಟ್ಟಿದ್ದಲ್ಲ ಎಂದು ಖಾತರಿ ಕೊಡಬಲ್ಲೆ.

"ರಶೀದಿ ಇಲ್ಲದ ಖರ್ಚು ಖರ್ಚಲ್ಲ ನೋಡು. ಅದು ಬರೇ ಮಾತು."

ಅವ್ವ ಅದನ್ನು ಅಕ್ಷರಶಃ ತೆಗೆದುಕೊಂಡಳು. ತರಕಾರಿಯವನು ರಶೀದಿ ಕೊಡುವುದಿಲ್ಲ. ಆದ್ದರಿಂದ ಅವಳೇ ಚೀಟಿ ಬರೆದು ಅವನ ಸಹಿ ಹಾಕಿಸಿಕೊಳ್ಳುತ್ತಿದ್ದಳು. ಎರಡು ಹೋಳು ಕುಂಬಳಕಾಯಿಗೆ ಸಹಿ ಕೇಳುವ ಗಿರಾಕಿ ತನಗೆ ಈ ಜನ್ಮದಲ್ಲಿ ಇವಳೊಬ್ಬಳೇ ಎಂದು ಅವನು ಮಾರ್ಕೆಟ್ಟಿಗೆಲ್ಲ ಹೇಳಿಕೊಂಡು ಬಂದ. ಗ್ಯಾಸಿನ ಸಿಲಿಂಡರು ಮೊದಲು ಎಷ್ಟು ದಿನ ಬರುತ್ತಿತ್ತು, ಮಕ್ಕಳು ಬಂದಮೇಲೆ ಎಷ್ಟು ದಿನ ಬರುತ್ತದೆ ಎಂದು ನೋಡಿ, ಕಡಿಮೆಯಾದಷ್ಟನ್ನು ಅಂಗಡಿಗೆ ಬರೆದಳು. ಚಾಪೆ ಹರಿದರೆ ಅದಕ್ಕೊಂದು ಸಾಲು, ಸ್ಟೀಲಿನ ಲೋಟ ನೆಗ್ಗಿದರೆ ಇನ್ನೊಂದು. ವಿದ್ಯುತ್ತಿಗೆ ಒಂದು ವಿಧಾನ ಇತ್ತು. ಮೀಟರು ಕೆಳಗೆ ಮೆಟ್ಟಿಲ ಅಡಿಯಲ್ಲಿ. ಒಂಬತ್ತಕ್ಕೆ ಆಫೀಸಿಗೆ ಇಳಿಯುವ ಅಪ್ಪ ಅದರ ಅಂಕಿ ಓದಿ ಮೇಲಕ್ಕೆ ಕೂಗುತ್ತಿದ್ದ. ಸಂಜೆ ಆರಕ್ಕೆ ನಾನು ಇಳಿದು ಕೂಗುತ್ತಿದ್ದೆ. ಅವ್ವ ಕಮಾನಿನ ಬಳಿ ನಿಂತು ಬರೆದುಕೊಳ್ಳುತ್ತಿದ್ದಳು. ಕನ್ನಡದ ಅಂಕಿಗಳನ್ನು ನಾನು ಈಗಲೂ ಕೂಗಿಯೇ ಹೇಳುತ್ತೇನೆ ಎಂದು ಗೆಳೆಯರು ನಗುತ್ತಾರೆ.

ಇನ್ನು ನನ್ನ ವಿಷಯ. ಶಾಲೆ ಮುಗಿಸಿ ನಾನು ಎರಡೂವರೆಗೆ ಬರುತ್ತಿದ್ದೆ. ಅಂದರೆ ಅಂಗಡಿ ತೆರೆದಿರುವಾಗ. ಐದಕ್ಕಿಂತ ಹೆಚ್ಚು ಮಕ್ಕಳನ್ನು ಒಬ್ಬಳೇ ನೋಡಲಾಗದು ಎಂದು ಅವ್ವ ಗೆರೆ ಎಳೆದಿದ್ದಳು. ನಾಲ್ವರು ಹೊರಗಿನವರು, ಐದನೆಯವಳು ನಾನು. ಜಾಗ ಹಿಡಿದ ಮೇಲೆ ಜಾಗದ ದುಡ್ಡು ಬರಬೇಕು. ಪ್ರತಿ ತಿಂಗಳ ಮೊದಲ ತಾರೀಖು ಅಪ್ಪ ಎರಡು ಲಕೋಟೆ ಕೊಡುತ್ತಿದ್ದ. ಒಂದು ಮನೆಯ ಖರ್ಚಿಗೆ. ಇನ್ನೊಂದು ನನ್ನ ಅರ್ಧ ದಿನದ ಫೀಸು. ಎರಡನೆಯದಕ್ಕೆ ಅವ್ವ ಅವನ ಪೂರ್ತಿ ಹೆಸರು ಬರೆದು ರಶೀದಿ ಹರಿದುಕೊಡುತ್ತಿದ್ದಳು. ಅಪ್ಪ ಮೊದಮೊದಲು ನಗುತ್ತಿದ್ದ, ಆಮೇಲೆ ರಶೀದಿಗಳನ್ನು ತೂತು ಹೊಡೆದು ಫೈಲು ಮಾಡಿದ. ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ದಿನದ ಪುಸ್ತಕದಲ್ಲಿ ಬುಬಾಯಿಯ ಕೆಳಗೆ ನನ್ನ ಹೆಸರಿತ್ತು: ವಿನುತಾ, ಅನ್ನ ಪೂರ್ತಿ, ಸಾರು ಪೂರ್ತಿ, ಮಲಗಲಿಲ್ಲ. ನಾನು ತಿಂದದ್ದನ್ನು ಯಾರೋ ಬರೆದಿಡುತ್ತಿದ್ದಾರೆ ಎಂಬುದು ಒಂದು ಬಗೆಯ ಭದ್ರತೆ. ಬುಬಾಯಿಯೂ ಉಳಿದವರೂ ಅವಳನ್ನು ಮಾಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಆ ಹೊತ್ತಿನಲ್ಲಿ ನಾನೂ ಒಮ್ಮೊಮ್ಮೆ ಮಾಶಿ ಅಂದಿದ್ದೇನೆ, ಅವಳು ತಿದ್ದಲಿಲ್ಲ.

ದುರ್ಗಾಪೂಜೆಯ ಹೊತ್ತಿಗೆ, ಬರುವ ಬಂಗಾಳಿ ಹೊಸವರ್ಷಕ್ಕೆ ನೆಲಮಹಡಿಯ ಬಾಡಿಗೆದಾರರು ಬಿಡುತ್ತಾರೆ ಎಂಬ ಸುದ್ದಿ ಬಂತು. ಎರಡು ದೊಡ್ಡ ಕೋಣೆ, ಒಂದು ಅಂಗಳ. ಮೆಟ್ಟಿಲು ಹತ್ತಿಸುವ ಭಯವಿಲ್ಲ, ಹತ್ತು ಮಕ್ಕಳಿಗೆ ಜಾಗ, ಒಬ್ಬ ಆಯಾಳನ್ನು ಇಟ್ಟುಕೊಳ್ಳಬಹುದು. ಮುಖ್ಯವಾಗಿ, ಒಪ್ಪಂದ ತನ್ನ ಹೆಸರಿಗೆ. ಅವ್ವ ಏನನ್ನಾದರೂ ಬೇಕು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆದರೆ ಮನೆಮಾಲೀಕ ಕೇಳಿದ ಮುಂಗಡಕ್ಕೆ ಸಾಲ ಬೇಕಿತ್ತು. ಕಾಮತ ಮಾಮನನ್ನು ಊಟಕ್ಕೆ ಕರೆದರು. ಅವರು ಕುಂದಾಪುರದ ಕಡೆಯವರು, ಇಲ್ಲಿ ಒಂದು ಬ್ಯಾಂಕಿನ ಶಾಖೆಯ ಮ್ಯಾನೇಜರು. ಊಟದ ನಂತರ ಕೈ ಒರೆಸಿಕೊಂಡು ಕೆಂಪು ಪುಸ್ತಕಗಳನ್ನು ಒಂದೊಂದೇ ಹಾಳೆ ತಿರುವಿದರು. ಅವ್ವ ನಿಂತೇ ಇದ್ದಳು.

"ಅಕ್ಕ, ಪುಸ್ತಕ ಬಹಳ ಚಂದ ಉಂಟು. ನಮ್ಮ ಬ್ರಾಂಚಿನಲ್ಲೇ ಇಷ್ಟು ಚಂದ ಇಲ್ಲ ಮಾರಾಯ್ರೆ. ಆದರೆ ಈ ಐದನೆಯವಳು ಯಾರು?"

"ಈಕಿ" ಎಂದು ಅವ್ವ ನನ್ನತ್ತ ಕೈ ತೋರಿಸಿದಳು.

ಮಾಮ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ರಶೀದಿಯ ಪ್ರತಿ ನೋಡಿದರು, ಆಮೇಲೆ ಸಣ್ಣಗೆ ನಕ್ಕರು. ಗಂಡ ಹೆಂಡತಿಗೆ ಕೊಟ್ಟದ್ದನ್ನು ಬ್ಯಾಂಕು ಆದಾಯ ಅನ್ನುವುದಿಲ್ಲ, ಮಗಳು ಉಂಡದ್ದನ್ನು ಖರ್ಚು ಅನ್ನುವುದಿಲ್ಲ. ಇಡೀ ಪುಸ್ತಕದಲ್ಲಿ ಐದನೆಯವಳ ಪಾಲನ್ನು ಹೊಡೆದುಹಾಕಬೇಕು. ಹಾಗೆ ಮಾಡಿದರೆ ಉಳಿಯುವ ಲಾಭ ಸಾಲಕ್ಕೆ ಸಾಲದು. ಹೊಸವರ್ಷದವರೆಗೆ ಆರು ತಿಂಗಳು ಉಂಟಲ್ಲ, ಐವರು ಹೊರಗಿನ ಮಕ್ಕಳ ಲೆಕ್ಕ ಶುದ್ಧವಾಗಿ ಇಟ್ಟು ತನ್ನಿ, ಆಗ ನೋಡುವ ಎಂದರು. ಅವರು ಹೋದಮೇಲೆ ಅಪ್ಪ ಅವರ ಪರವಾಗಿ ಮಾತಾಡಿದ. ಇದು ತನಗೆ ಮೊದಲೇ ಹೊಳೆದಿತ್ತು, ಎಡಗಿಸೆಯಿಂದ ತೆಗೆದು ಬಲಗಿಸೆಗೆ ಹಾಕಿಕೊಂಡರೆ ಗಳಿಕೆ ಹೇಗಾದೀತು ಎಂದ. ಅವ್ವ ತಟ್ಟೆ ಎತ್ತುತ್ತಿದ್ದವಳು ಹಾಗೇ ನಿಂತಳು.

"ಆ ಜಾಗಾದಾಗ ಬ್ಯಾರೆದವರ ಕೂಸು ಕೂಡಿಸಿದ್ರ?"

"ಆವಾಗ ಅದು ಆದಾಯ."

"ಅಂದ್ರ ಮಂದಿ ಕೂಸು ನೋಡಿದ್ರ ಕೆಲಸ. ನಮ್ಮ ಕೂಸು ನೋಡಿದ್ರ ಏನ್ರಿ ಅದು?"

ಅಪ್ಪ ಪ್ರಾಮಾಣಿಕ ಮನುಷ್ಯ.

"ಅದಕ್ಕ ಕಾಲಂ ಇಲ್ಲ" ಎಂದ.

ಮರುದಿನ ಅವ್ವ ದಿನದ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದು, ಕೆಳಗೆ ಜಾಗಕ್ಕಾಗಿ ಕಾದಿದ್ದ ಮಗುವಿನ ಹೆಸರು, ತಿತಿರ್ ಎಂದು ಬರೆದಳು. ಪೂಜೆಯ ರಜೆ ಮುಗಿಯುತ್ತಲೇ ತಿತಿರ್ ಬಂದಳು. ಎರಡು ವರ್ಷದ ಹುಡುಗಿ. ತಾಯಿ ಮಿತಾಲಿದಿ ಸೆಕ್ಟರ್ ಫೈವ್‌ನ ಒಂದು ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸದವಳು. ಇಲ್ಲೂ ಅದೇ ಕಣ್ಣು ತಂದಳು. ಅವಳ ಷರತ್ತು ಎರಡು: ಮಕ್ಕಳಿರುವ ಕೋಣೆಯಲ್ಲಿ ಮಾಶಿ ಯಾವಾಗಲೂ ಇರಬೇಕು, ಮಕ್ಕಳು ಮಲಗಿದ್ದರೂ, ಪ್ರತಿ ಸಂಜೆ ದಿನದ ಪುಸ್ತಕ ಓದಿ ತಾನು ಸಹಿ ಮಾಡಬೇಕು. ಒಮ್ಮೆ ತಪ್ಪಿದರೂ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದು ನಯವಾದ ಹಿಂದಿಯಲ್ಲಿ ಹೇಳಿದಳು. ಅವಳು ಹೋದರೆ ಐದನೆಯ ಜಾಗ ಖಾಲಿ, ಸಾಲ ಇಲ್ಲ, ನೆಲಮಹಡಿ ಇಲ್ಲ. ಅವ್ವ ಷರತ್ತನ್ನು ಪುಸ್ತಕದ ಮೊದಲ ಹಾಳೆಯಲ್ಲಿ ಬರೆದುಕೊಂಡಳು.

ನಾನು ಅಂಗಡಿಯಿಂದ ಹೊರಗಾದೆ. ಹಳೆಯ ಕಲ್ಕತ್ತೆಯ ಮನೆಗಳಿಗೆ ಹಿಂದುಗಡೆ ಒಂದು ಸುರುಳಿ ಕಬ್ಬಿಣದ ಮೆಟ್ಟಿಲು ಇರುತ್ತದೆ, ಬಚ್ಚಲು ತೊಳೆಯುವವರು ಹತ್ತಲೆಂದು ಹಾಕಿದ್ದು. ಶಾಲೆಯಿಂದ ಬಂದ ನಾನು ಅದನ್ನು ಹತ್ತಿ, ಅಡುಗೆಮನೆಯ ಬಾಗಿಲಿಂದ ಹಿಂದಿನ ಕೋಣೆಗೆ ಹೋಗಬೇಕು. ಮುಚ್ಚಿಟ್ಟ ತಟ್ಟೆ ಅಲ್ಲಿರುತ್ತಿತ್ತು, ಮನೆಯ ಡಬ್ಬಿಯ ಅನ್ನ. ಆರರವರೆಗೆ ಪರದೆ ದಾಟುವಂತಿಲ್ಲ, ಕರೆಯುವಂತಿಲ್ಲ. ಇದನ್ನು ಕ್ರೌರ್ಯ ಎಂದು ಬರೆಯುವುದು ಸುಲಭ. ಅದು ಕ್ರೌರ್ಯವಾಗಿರಲಿಲ್ಲ, ಏರ್ಪಾಟು ಅಷ್ಟೆ. ನಾನು ಕೇಳಿಸಿಕೊಳ್ಳುತ್ತಿದ್ದೆ. ಅವ್ವ ತಿತಿರಳಿಗೆ ಧಾರವಾಡದ ಕನ್ನಡದಲ್ಲಿ ಗದರುವುದು, ಬುಬಾಯಿ ಬಂಗಾಳಿಯಲ್ಲಿ ಸಾರು ಇನ್ನಷ್ಟು ಹಾಕು ಅನ್ನುವುದು, ಒಂದು ತೊಟ್ಟಿಲ ಹಾಡು. ಆ ಹಾಡನ್ನು ನನಗೂ ಹಾಡಿದ್ದಳೋ ಅಥವಾ ಪರದೆಯ ಈಚೆಯಿಂದ ಕೇಳಿಯೇ ನನಗೆ ಬಂದದ್ದೋ, ಈಗ ಬೇರ್ಪಡಿಸಲಾಗುವುದಿಲ್ಲ. ಆರಕ್ಕೆ ನಾನು ಕೆಳಗಿಳಿದು ಮೀಟರು ಓದಿ ಕೂಗಿ ಬರುವಷ್ಟರಲ್ಲಿ ಕೊನೆಯ ಮಗು ಹೋಗಿರುತ್ತಿತ್ತು. ಅವಳು ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಡಿಸಿ, ಪರದೆ ಸರಿಸಿ, ಏನು ಓದಿದಿ ಅನ್ನುತ್ತಿದ್ದಳು. ಆ ಕ್ಷಣದಿಂದ ಅವ್ವ.

ಈಗ ಒಂದು ದಿನ. ಚಳಿಗಾಲ ಎಂಬುದು ಖಚಿತ, ನನ್ನ ಮೈಮೇಲೆ ಶಾಲೆಯ ಕಂದು ಸ್ವೆಟರು ಇತ್ತು. ನನಗೆ ಜ್ವರ. ಕಬ್ಬಿಣದ ಮೆಟ್ಟಿಲು ಸುತ್ತುತ್ತಲೇ ಹೋಯಿತು, ಮುಗಿಯಲಿಲ್ಲ. ತಟ್ಟೆ ಮುಟ್ಟದೆ ಮಂಚದ ಮೇಲೆ ಬಿದ್ದುಕೊಂಡೆ. ಕರೆಯಲಿಲ್ಲ. ನನ್ನ ನೆನಪು ಹೇಳುವುದು ಇದು: ಪರದೆ ಸರಿಯಿತು. ಅವ್ವ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಂತೆಯೇ ಇತ್ತು. ಮಂಚದ ಅಂಚಿಗೆ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಅದು ಬಿಸಿಯಾದಾಗ ತಿರುವಿದಳು, ಮತ್ತೆ ತಿರುವಿದಳು. ಅತ್ತ ಕೋಣೆಯಲ್ಲಿ ನಾಲ್ವರು ಮಲಗಿದ್ದಿರಬೇಕು, ಸದ್ದಿರಲಿಲ್ಲ. ಬುಬಾಯಿ ಮಾತ್ರ ಎದ್ದುಬಂದು ಪರದೆಯ ಅಡಿಯಿಂದ ನುಗ್ಗಿ ನನ್ನ ತಲೆಯ ಹತ್ತಿರ ನಿಂತ. ಮೃಗಾಲಯದಲ್ಲಿ ಮಲಗಿರುವ ಪ್ರಾಣಿಯನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದ. ಕೈಯಲ್ಲಿದ್ದ ಕ್ರೀಮ್ ಬಿಸ್ಕತ್ತನ್ನು ಮುರಿದು ಅರ್ಧ ನನ್ನ ದಿಂಬಿನ ಮೇಲಿಟ್ಟ. ನಾನು ತಿನ್ನಲಿಲ್ಲ. ಅದಕ್ಕೆ ಇರುವೆ ಬಂದವು. ನನ್ನ ಕಣ್ಣಿನ ಮಟ್ಟದಲ್ಲಿ ಸಾಲಾಗಿ ನಡೆದವು. ಅವ್ವ ಒಂದು ಗಂಟೆ ಕೂತಿದ್ದಳು, ಹೆಚ್ಚೇ ಇರಬಹುದು. ಈ ಇರುವೆಗಳ ವಿಷಯ ನಾನು ಈ ಹಾಳೆಗೆ ಮುಂಚೆ ಯಾರಿಗೂ ಹೇಳಿಲ್ಲ, ಅವ್ವನಿಗೂ. ಹೇಳಿದರೆ ಹೇಳಿದ ಆಕಾರದಲ್ಲೇ ಗಟ್ಟಿಯಾಗಿಬಿಡುತ್ತದೆ ಎಂಬ ಭಯ.

ಪುಸ್ತಕ ಹೇಳುವುದು ಬೇರೆ. ಮರುದಿನದ ನನ್ನ ಶಾಲೆಯ ರಜಾಚೀಟಿ ಅವ್ವನ ಫೈಲಿನಲ್ಲಿ ಇದ್ದುದರಿಂದ ಆ ದಿನವನ್ನು ಪತ್ತೆಹಚ್ಚುವುದು ಕಷ್ಟವಾಗಲಿಲ್ಲ. ದಿನದ ಪುಸ್ತಕದ ಆ ಹಾಳೆಯಲ್ಲಿ ಎರಡೂವರೆಯಿಂದ ನಾಲ್ಕೂಕಾಲರವರೆಗೆ: ಐವರೂ ಮಲಗಿದ್ದರು, ನಾನು ಕೋಣೆಯಲ್ಲಿದ್ದೆ. ಕೆಳಗೆ ಮಿತಾಲಿದಿಯ ಸಹಿ, ಎಂದಿನಂತೆ ಬಾಲ ಉದ್ದ. ಅಂದರೆ ಅವ್ವ ಬರಲಿಲ್ಲ, ಬುಬಾಯಿ ಏಳಲಿಲ್ಲ. ಅದೇ ಹಾಳೆಯಲ್ಲಿ ಬುಬಾಯಿಯ ಮುಂದೆ 'ಬಿಸ್ಕತ್ತು, ಅರ್ಧ' ಎಂದು ಇದೆ. ಇದನ್ನು ಕಂಡಾಗ ಸಾಕ್ಷಿ ಸಿಕ್ಕಿತು ಅಂದುಕೊಂಡೆ, ಒಪ್ಪುತ್ತೇನೆ. ಆಮೇಲೆ ಹಿಂದುಮುಂದಿನ ಹಾಳೆ ನೋಡಿದೆ. ಬುಬಾಯಿ ಆ ಚಳಿಗಾಲದಲ್ಲಿ ಹೆಚ್ಚುಕಡಿಮೆ ದಿನವೂ ಅರ್ಧ ಬಿಸ್ಕತ್ತೇ ತಿಂದಿದ್ದಾನೆ. ಖರ್ಚಿನ ಪುಸ್ತಕದಲ್ಲಿ ಆ ಸಂಜೆ ಆರರ ಮೀಟರು ಅಂಕಿಯ ಪಕ್ಕ 'ಅಂದಾಜು' ಎಂದು ಬರೆದಿದೆ, ಆರು ಪುಸ್ತಕಗಳಲ್ಲಿ ಆ ಪದ ಇರುವುದು ಅಲ್ಲೊಂದೇ ಕಡೆ. ಅದೂ ಏನನ್ನೂ ಸಾಬೀತು ಮಾಡುವುದಿಲ್ಲ, ಕೂಗುವವಳು ಜ್ವರದಲ್ಲಿದ್ದಳು. ಹೊಸವರ್ಷಕ್ಕೆ ಮುಂಚೆ ಅಪ್ಪ ಆರು ತಿಂಗಳ ಲೆಕ್ಕವನ್ನು ಕಚೇರಿಯ ಕ್ರಮದಲ್ಲಿ ತಪಾಸಿಸಿದ. ಪ್ರತಿ ಹಾಳೆಗೂ ಅವನ ಹಸಿರು ಗುರುತು ಇದೆ. 'ಅಂದಾಜು' ಇರುವ ಹಾಳೆಗೂ ಇದೆ. ಅಲ್ಲಿ ಅವನು ಪ್ರಶ್ನೆ ಬರೆದಿಲ್ಲ. ಅಂದಾಜು ಕಂಡಲ್ಲೆಲ್ಲ ಪ್ರಶ್ನೆ ಬರೆಯುವುದು ಅವನ ಉದ್ಯೋಗವಾಗಿತ್ತು.

ಸಾಲ ಸಿಕ್ಕಿತು. ನೆಲಮಹಡಿ ಅವ್ವನ ಹೆಸರಿಗಾಯಿತು, ಅಂಗಡಿ ಅಲ್ಲಿ ಹನ್ನೊಂದು ವರ್ಷ ನಡೆಯಿತು. ಮೇಲಿನ ಮನೆ ಹಗಲೂ ಮನೆಯಾಯಿತು, ಹಸಿರು ಪರದೆ ತೊಳೆದು ಮಡಿಚಿಟ್ಟರು. ಬಿಸ್ಕತ್ತಿನ ಡಬ್ಬಿ ಒಂದೇ ಆಯಿತು, ಅದರಲ್ಲಿ ಆರಾರೂಟು. ಅವ್ವ ಹಗಲೆಲ್ಲ ಕೆಳಗೆ ಇರುತ್ತಿದ್ದಳು. ಕೇಳಿಸಿಕೊಳ್ಳಲು ಈಗ ಏನೂ ಇರಲಿಲ್ಲ. ನಾನು ಬರೆಯಲು ಶುರುಮಾಡಿದ್ದು ಆ ವರ್ಷ ಎಂದು ಹೇಳುವುದನ್ನು ಇಲ್ಲಿ ಬಿಟ್ಟುಬಿಡುತ್ತೇನೆ.

ಹೋದ ತಿಂಗಳು ಅವಳನ್ನು ಕೇಳಿದೆ. ಅವಳಿಗೆ ಈಗ ಕಣ್ಣು ಮಂದ, ಕಿವಿ ಚುರುಕು. ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಆ ದಿನ ನನಗೆ ಜ್ವರ ಬಂದಾಗ ನೀನು ಒಳಗೆ ಬಂದಿದ್ದೆಯಾ ಎಂದೆ. ಬೇರೇನೂ ಹೇಳಲಿಲ್ಲ. ಈ ಪ್ರಶ್ನೆಯಲ್ಲಿ ಒಂದು ಆಪಾದನೆ ಇದೆ ಎಂಬುದು ಕೇಳಿದ ಮೇಲೆ ಹೊಳೆಯಿತು: ಹೌದು ಎಂದರೆ ಅವಳ ಪುಸ್ತಕ ಸುಳ್ಳು, ಆ ಪುಸ್ತಕದ ಮೇಲೆ ಸಿಕ್ಕಿದ ಸಾಲ ಸುಳ್ಳು, ಇಲ್ಲ ಎಂದರೆ ನಾನು ಸುಳ್ಳು. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಪುಸ್ತಕದಾಗ ಏನೈತಿ?"

"ಐದೂ ಮಂದಿ ಮಲಗಿದ್ರು, ನೀ ಅಲ್ಲೇ ಇದ್ದಿ ಅಂತ ಐತಿ."

"ಹಂಗಾರ ಹಂಗ."

ಅಷ್ಟಕ್ಕೆ ಮುಗಿಯಿತು ಅಂದುಕೊಂಡು ನಾನು ಎದ್ದೆ. ಬಾಗಿಲವರೆಗೆ ಹೋಗಿದ್ದೆ.

"ಇರುವಿ ಭಾಳ ಆಗಿದ್ವು" ಎಂದಳು, ಹುಣಸೆಯಿಂದ ತಲೆ ಎತ್ತದೆ. "ದಿಂಬಿನ ಚೀಲ ಒಗೀಬೇಕಾತು. ಮನಿ ಸಾಬಾಣ ಹಚ್ಚಿ ಒಗದೇನಿ. ಅಂಗಡೀದು ಮುಟ್ಟಿಲ್ಲ."